ಭೂವಿಜ್ಞಾನದ ಸೆಮಿನಾರ್: ಅಂಕ ಎಲ್ಲಿ ಸಿಗುತ್ತದೆ, ಎಲ್ಲಿ ಸೋರುತ್ತದೆ

"ಸರ್, ಎಷ್ಟ್ ಪೇಜ್ ಬರೀಬೇಕ್ರೀ?" ಸೆಮಿನಾರ್ ಶುರುವಾದ ವಾರ ಬರುವ ಮೊದಲ ಪ್ರಶ್ನೆ ಇದೇ. ಎರಡನೆಯದು, "ಪಿಪಿಟಿ ಎಷ್ಟ್ ಸ್ಲೈಡ್ ಇರಬೇಕ್ರೀ?" ಎರಡಕ್ಕೂ ಉತ್ತರ ಇದೆ. ಆದರೆ ಆ ಉತ್ತರ ಗೊತ್ತಾದ ಮಾತ್ರಕ್ಕೆ ಅಂಕ ಏರುವುದಿಲ್ಲ. ಧಾರವಾಡದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿಗಳ ಅಸೈನ್‌ಮೆಂಟ್ ತಿದ್ದಿದ ಅನುಭವದಿಂದ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಪುಟ ಸಾಲದೆ ಅಂಕ ಕಳೆದುಕೊಂಡವರು ಕಡಿಮೆ. ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಿ ಬರೆದು ಕಳೆದುಕೊಂಡವರೇ ಜಾಸ್ತಿ.

"ಈ ಕಲ್ಲು ಹಸಿರು ಮಿಶ್ರಿತ ಬೂದು ಬಣ್ಣದ್ದು, ಹಾಳೆ ಹಾಳೆಯಾಗಿ ಸೀಳುತ್ತದೆ" ಎನ್ನುವುದು ಕಂಡದ್ದು. "ಇದು ಸಮುದ್ರದ ತಳದಲ್ಲಿ ಕೂತ ಕೆಸರಿನಿಂದ ಆದದ್ದು" ಎನ್ನುವುದು ಊಹೆ. ಊಹೆ ಮಾಡುವುದು ತಪ್ಪಲ್ಲ. 260 ಕೋಟಿ ವರ್ಷದ ಹಿಂದೆ ನಡೆದದ್ದನ್ನು ನೋಡಿದವರು ಯಾರೂ ಇಲ್ಲ, ಹಾಗಾಗಿ ನಮ್ಮ ವಿಷಯ ನಡೆಯುವುದೇ ಊಹೆಯ ಮೇಲೆ. ಆದರೆ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತೋರಿಸಿದವರಿಗೆ ಅಂಕ ಸಿಗುತ್ತದೆ. ಮುಂದಿನ ಹೆಜ್ಜೆಗಳನ್ನೆಲ್ಲ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೊದಲು ಅಂಕದ ಹಂಚಿಕೆ ಕೇಳಿ

ಸೆಮಿಸ್ಟರ್‌ನ ಮೊದಲ ವಾರದಲ್ಲೇ ಈ ವರ್ಷದ ಸಿಲಬಸ್ ತೆಗೆದು ನೋಡಿ. ಸೆಮಿನಾರ್‌ಗೆ ಎಷ್ಟು ಕ್ರೆಡಿಟ್, ಇಂಟರ್ನಲ್ ಎಷ್ಟು, ಮಾತಾಡುವುದಕ್ಕೆ ಎಷ್ಟು, ಬರೆಯುವುದಕ್ಕೆ ಎಷ್ಟು? ಇದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ಸಿಲಬಸ್ ಬದಲಾದರೆ ಇದೂ ಬದಲಾಗುತ್ತದೆ. ಸೀನಿಯರ್ ಹೇಳಿದ್ದನ್ನೇ ನಂಬಿ ಕೂರಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 10 ಪಾಯಿಂಟ್ ಪದ್ಧತಿ ಇರುವ ಕಡೆ 'ಓ' ಗ್ರೇಡಿಗೆ 10, 'ಎ ಪ್ಲಸ್'ಗೆ 9, 'ಎ'ಗೆ 8 ಹೀಗೆ ಇಳಿಯುತ್ತದೆ. ಕ್ರೆಡಿಟ್ ಕಡಿಮೆ ಇದ್ದರೂ ಸೆಮಿನಾರ್‌ನ ಗ್ರೇಡ್ ನಿಮ್ಮ ಒಟ್ಟು ಸರಾಸರಿಗೆ ಸೇರುತ್ತದೆಯೇ ಎಂದು ಆಫೀಸಿನಲ್ಲಿ ಕೇಳಿಕೊಳ್ಳಿ.

ಒಳಗಿನ ಹಂಚಿಕೆ ಪಾಠ ಮಾಡುವವರ ಕೈಯಲ್ಲಿರುತ್ತದೆ. ನಾನು 50 ಅಂಕವನ್ನು ಹೀಗೆ ಹಂಚುತ್ತೇನೆ: ಓದಿನ ಟಿಪ್ಪಣಿಗೆ 10, ಚರ್ಚೆಗೆ 5, ಫೀಲ್ಡ್ ಪುಸ್ತಕ ಮತ್ತು ನಕ್ಷೆಗೆ 10, ಮಾತಿಗೆ 10, ಕೊನೆಯ ಪೇಪರಿಗೆ 15. ಆ 15ರಲ್ಲಿ ಪ್ರಶ್ನೆಗೆ 3, ಆಧಾರಕ್ಕೆ 5, ಆಧಾರದಿಂದ ತೀರ್ಮಾನಕ್ಕೆ ಬಂದ ದಾರಿಗೆ 4, ಚಿತ್ರ ಮತ್ತು ನಕ್ಷೆಗೆ 2, ಭಾಷೆ ಮತ್ತು ಅಚ್ಚುಕಟ್ಟಿಗೆ 1. ಕಲರ್ ಮುಖಪುಟಕ್ಕೆ, ಸ್ಪೈರಲ್ ಬೈಂಡಿಂಗಿಗೆ, "ಕೃತಜ್ಞತೆಗಳು" ಎಂಬ ಎರಡು ಪುಟಕ್ಕೆ ಸೊನ್ನೆ. ನಿಮ್ಮ ಸರ್ ಅಥವಾ ಮೇಡಂ ಬೇರೆ ರೀತಿ ಹಂಚಬಹುದು. ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ. ಎರಡು ತಿಂಗಳಾದ ಮೇಲೆ ಕೇಳಿದರೆ ಮಾತ್ರ ಮುಖ ನೋಡುತ್ತಾರೆ.

ವಿಷಯವಲ್ಲ, ಪ್ರಶ್ನೆ ಬೇಕು

"ಗದಗ ಜಿಲ್ಲೆಯ ಭೂವಿಜ್ಞಾನ", "ಅಂತರ್ಜಲ ಮಾಲಿನ್ಯ", "ಹವಾಮಾನ ಬದಲಾವಣೆ ಮತ್ತು ಪರಿಣಾಮಗಳು". ಪ್ರತಿ ವರ್ಷ ಬರುವ ಶೀರ್ಷಿಕೆಗಳಿವು. ಇವುಗಳಲ್ಲಿ ಯಾವುದಕ್ಕೂ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಲು ಬರುವುದಿಲ್ಲ. ಹಾಗಾಗಿ ಉತ್ತರವೂ ಬರುವುದಿಲ್ಲ. ಎಲ್ಲೆಲ್ಲಿಂದಲೋ ತಂದ ಪ್ಯಾರಾಗಳು ಒಂದರ ಹಿಂದೆ ಒಂದು ನಿಂತಿರುತ್ತವೆ, ಅಷ್ಟೇ.

ನಮ್ಮ ಭಾಗದಲ್ಲಿ ಕುಳಿತು ವಿಷಯ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಹಳೆಯ ಶಿಲೆಗಳ ಪಾಠ ಮಾಡಿದರೂ ಧಾರವಾಡದ ಹೆಸರು ಬರುತ್ತದೆ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಶಿಲೆಗಳ ಗುಂಪಿಗೆ ಇಟ್ಟ ಹೆಸರು ಇವತ್ತಿಗೂ ಉಳಿದಿದೆ. ರಾಣೆಬೆನ್ನೂರಿನ ಹೆಸರಿನಲ್ಲೂ ಒಂದು ಶಿಲಾ ಘಟಕ ಇದೆ. ಚಿತ್ರದುರ್ಗದಿಂದ ಬಂದ ಶಿಸ್ಟ್ (ಹಾಳೆ ಹಾಳೆಯಾಗಿ ಸೀಳುವ ಕಲ್ಲು) ಪಟ್ಟಿ ಗದಗದ ಕಪ್ಪತಗುಡ್ಡದ ಮೂಲಕ ಹಾಯುತ್ತದೆ. ಅದರಲ್ಲಿ ಚಿನ್ನವಿದೆ, ಕಬ್ಬಿಣದ ಪಟ್ಟಿ ಶಿಲೆ ಇದೆ. ಲಕ್ಕುಂಡಿಯ ಗುಡಿಗಳ ಕುಸುರಿ ಕೆತ್ತನೆ ನಿಂತಿರುವುದು ಕ್ಲೋರೈಟ್ ಶಿಸ್ಟ್ ಎಂಬ ಮೆತ್ತನೆಯ ಕಲ್ಲಿನ ಮೇಲೆ.

ಇಷ್ಟೆಲ್ಲ ಇದ್ದ ಮೇಲೆ ಪ್ರಶ್ನೆ ಹೇಗೆ ಮಾಡುವುದು? ಒಂದು ಉದಾಹರಣೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿಗೆ ಸೇರಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬೆಣ್ಣಿಹಳ್ಳದ ನೀರು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಅಂದರೆ ನೀರು ಬೇರೆಯಾಗುವ ಗೆರೆ ಈ ಅವಳಿ ನಗರದ ಆಸುಪಾಸಿನಲ್ಲೇ ಹಾಯುತ್ತದೆ. "ಆ ಗೆರೆ ಟೋಪೋಶೀಟಿನಲ್ಲಿ (ಎತ್ತರ-ತಗ್ಗು, ಹಳ್ಳ, ರಸ್ತೆ ತೋರಿಸುವ ಸರ್ವೆ ನಕ್ಷೆಯಲ್ಲಿ) ಎಲ್ಲಿದೆ? ಹೊಸ ಲೇಔಟ್, ರಸ್ತೆ ಬಂದ ಮೇಲೆ ಚರಂಡಿಯ ನೀರು ಎಲ್ಲಾದರೂ ಅದನ್ನು ದಾಟಿ ಹರಿಯುತ್ತಿದೆಯೇ?" ಇದು ಪ್ರಶ್ನೆ. ಒಂದು ನಕ್ಷೆ, ಒಂದು ಬೈಕು, ಮಳೆ ಬಂದ ಎರಡು ದಿನ ಸಾಕು.

ಇನ್ನೊಂದು ಉದಾಹರಣೆ ಎರಿ ಮಣ್ಣು. "ಗದಗ ಭಾಗದ ಕರಿ ಮಣ್ಣು ಡೆಕ್ಕನ್ ಟ್ರ್ಯಾಪ್ ಬಸಾಲ್ಟ್‌ನಿಂದ ಆದದ್ದು" ಎಂದು ಎಷ್ಟೋ ಅಸೈನ್‌ಮೆಂಟ್‌ಗಳು ಕಣ್ಣು ಮುಚ್ಚಿ ಬರೆಯುತ್ತವೆ. ಶಾಲೆಯ ಭೂಗೋಳದ ಪಾಠ ತಲೆಯಲ್ಲಿ ಕೂತಿರುತ್ತದೆ. ಬಸಾಲ್ಟ್, ಅಂದರೆ ಲಾವಾ ಆರಿ ಆದ ಕಲ್ಲು, ಹರಡಿರುವುದು ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ. ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ. ಗದಗದ ಎರಿ ಹೊಲದ ಬಾವಿಯೊಳಗೆ ಇಣುಕಿದರೆ ಕೆಳಗೆ ಕಾಣುವುದು ಶಿಸ್ಟ್ ಅಥವಾ ಪಟ್ಟೆ ಪಟ್ಟೆಯ ನೈಸ್, ಅಂದರೆ 250 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು. ಅಂಥ ಕಲ್ಲಿನಿಂದಲೂ, ತಗ್ಗಿನಲ್ಲಿ ನೀರು ಸರಿಯಾಗಿ ಬಸಿಯದ ಕಡೆ, ಬಿಸಿಲು ಜಾಸ್ತಿ ಇರುವ ಹವೆಯಲ್ಲಿ, ಸ್ಮೆಕ್ಟೈಟ್ ಎಂಬ, ನೀರು ಕುಡಿದು ಉಬ್ಬುವ ಜೇಡಿ ತುಂಬಿದ ಕರಿ ಮಣ್ಣು ಆಗುತ್ತದೆ. ಅದೇ ಕಲ್ಲಿನ ಮೇಲೆ ದಿಬ್ಬದಲ್ಲಿ ಮಸಾರಿ (ಕೆಂಪು ಮಣ್ಣು) ಇರಬಹುದು. "ಒಂದೇ ಕಲ್ಲಿನ ಮೇಲೆ ದಿಬ್ಬದಲ್ಲಿ ಮಸಾರಿ, ತಗ್ಗಿನಲ್ಲಿ ಎರಿ ಯಾಕೆ?" ಇದನ್ನು ಕೇಳಿ ಮೂರು ಬಾವಿಗಳ ಅಡ್ಡ ಚಿತ್ರ ಬರೆದುಕೊಂಡು ಬಂದವರಿಗೆ ನಾನು ಕೈ ಬಿಚ್ಚಿ ಅಂಕ ಕೊಡುತ್ತೇನೆ. ಇಲ್ಲಿ ಮಣ್ಣಿನ ಬಣ್ಣ, ಕೆಳಗಿನ ಕಲ್ಲು, ಎತ್ತರ ಇವು ಕಂಡದ್ದು. ಕಾರಣ ಊಹೆ. ಎರಡೂ ಬೇರೆ ಬೇರೆ ಕಾಣುತ್ತವೆ, ಅಲ್ವಾ?

ಪ್ರಶ್ನೆ ಸಿಕ್ಕಿತು ಅನಿಸಿದಾಗ ಎರಡು ವಿಷಯ ನೋಡಿಕೊಳ್ಳಿ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಮಾಹಿತಿ ಸಿಗುತ್ತದೆಯೇ? ಉತ್ತರ "ಇಲ್ಲ" ಎಂದು ಬರುವ ಸಾಧ್ಯತೆ ಇದೆಯೇ? ಎರಡನೆಯದು ಮುಖ್ಯ. ಯಾವಾಗಲೂ "ಹೌದು" ಎಂದೇ ಬರುವ ಪ್ರಶ್ನೆ ಪ್ರಶ್ನೆಯೇ ಅಲ್ಲ.

ಓದಿನ ಟಿಪ್ಪಣಿ ಒಂದೇ ಪುಟ

ವಾರಕ್ಕೊಂದು ಸಂಶೋಧನಾ ಪೇಪರ್ ಓದಿ ಒಂದು ಪುಟ ಬರೆದು ತನ್ನಿ ಎಂದರೆ, ಹೆಚ್ಚಿನವರು ಅಬ್‌ಸ್ಟ್ರಾಕ್ಟ್ ಅನ್ನೇ ಹಿಗ್ಗಿಸಿ ತರುತ್ತಾರೆ. ಅದು ನಮಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಓದುವ ಕ್ರಮ ಬದಲಿಸಿ. ಮೊದಲು ನಕ್ಷೆ ಮತ್ತು ಚಿತ್ರಗಳು, ಆಮೇಲೆ ಕೋಷ್ಟಕ, ಆಮೇಲೆ ವಿಧಾನ, ಕೊನೆಗೆ ಲೇಖಕರ ತೀರ್ಮಾನ. ಚಿತ್ರ ನೋಡಿದಾಗ ನಿಮಗೇ ಒಂದು ಅಭಿಪ್ರಾಯ ಬಂದಿರುತ್ತದೆ. ಅದನ್ನು ಪೆನ್ಸಿಲ್‌ನಲ್ಲಿ ಬದಿಗೆ ಬರೆದಿಡಿ. ಲೇಖಕರ ತೀರ್ಮಾನ ಅದಕ್ಕೆ ಹೊಂದದಿದ್ದರೆ ನಿಮ್ಮ ಟಿಪ್ಪಣಿಗೆ ಜೀವ ಬಂತು ಎಂದೇ ಲೆಕ್ಕ.

ಟಿಪ್ಪಣಿಯಲ್ಲಿ ಇರಬೇಕಾದದ್ದು: ಲೇಖಕರ ಪ್ರಶ್ನೆ ಏನು, ಏನನ್ನು ಅಳೆದರು, ಹೇಗೆ ಅಳೆದರು, ಅದರಿಂದ ಏನು ಹೇಳಿದರು, ನಿಮ್ಮ ಒಂದು ಅನುಮಾನ. ಕೊನೆಯದಕ್ಕೇ ಅಂಕ ಜಾಸ್ತಿ. "ಪೇಪರ್ ಬಹಳ ಉಪಯುಕ್ತವಾಗಿದೆ" ಎಂಬುದು ಅನುಮಾನವಲ್ಲ.

ಅನುಮಾನ ಪಡುವುದು ಹೇಗೆ ಎಂದು ಬಹಳ ಮಂದಿ ಕೇಳುತ್ತಾರೆ. ಮುಂಡರಗಿ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಒಂದು ಪೇಪರ್ ಓದುತ್ತಿದ್ದೀರಿ ಎಂದುಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಬಿಡಬಹುದು. ಇದು ಎಲ್ಲರಿಗೂ ಗೊತ್ತು. ಈಗ ಕೋಷ್ಟಕಕ್ಕೆ ಹೋಗಿ. ಸ್ಯಾಂಪಲ್ ತೆಗೆದದ್ದು ಯಾವ ತಿಂಗಳು? ಮೇ ತಿಂಗಳ ನೀರಿಗೂ ನವೆಂಬರ್ ನೀರಿಗೂ ವ್ಯತ್ಯಾಸ ಇರುತ್ತದೆ. ಬೋರ್ ಎಷ್ಟು ಆಳದ್ದು? ಆಳ ಬರೆದಿಲ್ಲ ಎಂದರೆ ಅದೇ ಒಂದು ಅನುಮಾನ. ಕ್ಯಾಲ್ಸಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಏರುವುದಿಲ್ಲ, ಯಾಕೆಂದರೆ ಎರಡೂ ಸೇರಿ ಫ್ಲೋರೈಟ್ ಆಗಿ ಕೂತುಬಿಡುತ್ತವೆ. ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಏರುತ್ತದೆ. ಕೋಷ್ಟಕದಲ್ಲಿ ಹಾಗೇ ಇದೆಯೇ ನೋಡಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ನೀರಿನಲ್ಲಿ ಕರಗಿದ ಧನ ಅಯಾನುಗಳ (ವಿದ್ಯುದಾವೇಶ ಇರುವ ಕಣಗಳ) ಆವೇಶದ ಮೊತ್ತವೂ ಋಣ ಅಯಾನುಗಳ ಆವೇಶದ ಮೊತ್ತವೂ ಸಮ ಇರಲೇಬೇಕು. ಮಿಲಿಗ್ರಾಂ ಲೆಕ್ಕವನ್ನು ಮಿಲಿಈಕ್ವಿವಲೆಂಟ್‌ಗೆ, ಅಂದರೆ ಆವೇಶದ ಲೆಕ್ಕಕ್ಕೆ, ತನ್ನಿ: ಕ್ಯಾಲ್ಸಿಯಂ ಅನ್ನು ಸುಮಾರು 20ರಿಂದ, ಬೈಕಾರ್ಬೊನೇಟ್ ಅನ್ನು 61ರಿಂದ ಭಾಗಿಸಿ, ಉಳಿದವನ್ನೂ ಹಾಗೇ. ಎರಡು ಮೊತ್ತಗಳ ವ್ಯತ್ಯಾಸವನ್ನು ಅವುಗಳ ಕೂಡಿಕೆಯಿಂದ ಭಾಗಿಸಿ 100ರಿಂದ ಗುಣಿಸಿ. 5ರೊಳಗೆ ಬಂದರೆ ಒಳ್ಳೆಯದು. 10 ದಾಟಿದರೆ ಆ ಸ್ಯಾಂಪಲಿನ ವಿಶ್ಲೇಷಣೆಯಲ್ಲಿ ಏನೋ ಎಡವಟ್ಟಾಗಿದೆ, ಇಲ್ಲವೇ ಯಾವುದೋ ಒಂದು ಅಯಾನು ಅಳೆದಿಲ್ಲ. ಫ್ಲೋರೈಡ್ ಒಂದರಿಂದ ಈ ಲೆಕ್ಕ ಏರುಪೇರಾಗುವುದಿಲ್ಲ. 1.5 ಮಿಲಿಗ್ರಾಂ ಎಂದರೆ 0.08 ಮಿಲಿಈಕ್ವಿವಲೆಂಟ್‌ಗೂ ಕಡಿಮೆ. ಕ್ಯಾಲ್ಕುಲೇಟರ್ ಹಿಡಿದು ಅರ್ಧ ಗಂಟೆ ಕೂತರೆ ಆಗುವ ಕೆಲಸ ಇದು. ಇದನ್ನು ಮಾಡಿ, "ಈ ಎರಡು ಬಾವಿಯ ಲೆಕ್ಕ ಕೂಡುತ್ತಿಲ್ಲ" ಎಂದು ಬರೆದ ಟಿಪ್ಪಣಿಗೆ ನಾನು 10ಕ್ಕೆ 9 ಕೊಡುತ್ತೇನೆ. ಇಂಗ್ಲಿಷ್ ಎಷ್ಟೇ ತಡವರಿಸಿದ್ದರೂ ಸರಿ.

ವಯಸ್ಸಿನ ಪೇಪರ್ ಓದುವಾಗಲೂ ಹೀಗೇ. 2610±10 ದಶಲಕ್ಷ ವರ್ಷ ಎಂದು ಬರೆದಿದ್ದರೆ ಆ ±10 ಬಿಟ್ಟು ಬರೆಯಬೇಡಿ. ಅದು ಯಾವುದರ ವಯಸ್ಸು ಎನ್ನುವುದನ್ನೂ ಬರೆಯಿರಿ. ಮರಳುಗಲ್ಲಿನೊಳಗಿನ ಜಿರ್ಕಾನ್ ಹರಳಿನ ವಯಸ್ಸು ಆ ಮರಳುಗಲ್ಲಿನ ವಯಸ್ಸಲ್ಲ. ಹರಳು ಬೇರೆಲ್ಲೋ ಹುಟ್ಟಿ, ಸವೆದು, ಹರಿದು ಬಂದು ಕೂತದ್ದು. ಕಲ್ಲು ಅದಕ್ಕಿಂತ ಹಳೆಯದಾಗಲಾರದು ಎಂದಷ್ಟೇ ಹೇಳಬಹುದು.

ಚರ್ಚೆಯ ಐದು ಅಂಕ

ಇದು ಸುಲಭ, ಆದರೆ ಬಹಳ ಮಂದಿ ಬಿಟ್ಟುಕೊಡುತ್ತಾರೆ. ಜಾಸ್ತಿ ಮಾತಾಡಿದವರಿಗೆ ಅಂಕ ಎಂದೇನಿಲ್ಲ. ಪ್ರತಿ ವಾರ ಒಂದು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಬನ್ನಿ. "ಚಿತ್ರ 3ರಲ್ಲಿ ಪೂರ್ವದ ಬಿಂದುಗಳು ಗೆರೆಯಿಂದ ದೂರ ಇವೆ, ಯಾಕೆ?" ಎಂಬಂಥ ಪ್ರಶ್ನೆ ಸಾಕು. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿಗೆ ಹೆದರಿ ಬಾಯಿ ಕಟ್ಟಿಕೊಂಡು ಕೂರುವುದನ್ನು ನೋಡಿದರೆ ಬೇಜಾರಾಗುತ್ತದೆ. ಕನ್ನಡ ಬೆರೆಸಿ ಮಾತಾಡಬಹುದೇ ಎಂದು ಮೊದಲ ದಿನವೇ ಕೇಳಿಬಿಡಿ. ಬಹಳ ಕಡೆ ಒಪ್ಪುತ್ತಾರೆ. "ಡಿಪ್ ಈ ಕಡೆ ಐತ್ರಿ, ಆದ್ರ ಅವ್ರು ಆ ಕಡೆ ತೋರ್ಸ್ಯಾರ" ಎಂದರೆ (ಡಿಪ್ ಅಂದರೆ ಪದರ ಇಳಿಯುವ ಓರೆ) ಅದು ಪೂರ್ತಿ ವಿಜ್ಞಾನದ ಮಾತೇ.

ಫೀಲ್ಡ್ ಪುಸ್ತಕ ಮತ್ತು ನಕ್ಷೆ

ಅಂಕ ಅತಿ ಸುಲಭವಾಗಿ ಸಿಗುವುದೂ ಇಲ್ಲೇ, ಸೋರುವುದೂ ಇಲ್ಲೇ.

ಹೋಗುವ ಮೊದಲು ಟೋಪೋಶೀಟ್ ನೋಡಿಕೊಳ್ಳಿ. ಸರ್ವೆ ಆಫ್ ಇಂಡಿಯಾದ ಹಳೆಯ ಸಂಖ್ಯೆಯಲ್ಲಿ ಹುಬ್ಬಳ್ಳಿ, ಗದಗ 48 ಎಂ ಒಳಗೆ ಬರುತ್ತವೆ, ಹಾವೇರಿ 48 ಎನ್ ಒಳಗೆ. ಧಾರವಾಡ ಊರು 75 ಡಿಗ್ರಿ ಪೂರ್ವ ರೇಖಾಂಶದ ಅಂಚಿನಲ್ಲೇ ಇರುವುದರಿಂದ ಪಶ್ಚಿಮದ ಹಳ್ಳಿಗಳಿಗೆ 48 ಐ ಕೂಡ ಬೇಕು. 1:50,000 ಹಾಳೆಯಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲ್‌ನಲ್ಲಿ ಶಿಲಾ ನಕ್ಷೆ ಸಿಗುತ್ತದೆ. ಇಸ್ರೋದ ಭುವನ್‌ನಲ್ಲಿ ಉಪಗ್ರಹ ಚಿತ್ರ ನೋಡಬಹುದು. ಇವೆಲ್ಲ ಉಚಿತ. ಹಾಸ್ಟೆಲಿನ ವೈಫೈ ಇದ್ದರೆ ರಾತ್ರಿ ಇಳಿಸಿಕೊಂಡು ಮಲಗಿ.

ಪುಸ್ತಕದಲ್ಲಿ ಪೆನ್ಸಿಲ್‌ನಲ್ಲೇ ಬರೆಯಿರಿ. ಜೆಲ್ ಪೆನ್ ಮಳೆಗೆ, ಬೆವರಿಗೆ ಹರಿದುಹೋಗುತ್ತದೆ. ಪ್ರತಿ ಜಾಗಕ್ಕೂ ಒಂದು ನಂಬರ್, ದಿನಾಂಕ, ಅಕ್ಷಾಂಶ ರೇಖಾಂಶ, ಹತ್ತಿರದ ಗುರುತು ಬೇಕು. ಆಮೇಲೆ ಎಡ ಪುಟದಲ್ಲಿ ಕಂಡದ್ದು, ಬಲ ಪುಟದಲ್ಲಿ ಅದರ ಬಗ್ಗೆ ನಿಮ್ಮ ಯೋಚನೆ. ನಾನು ಇದೊಂದನ್ನು ಹಠ ಹಿಡಿದು ಕೇಳುತ್ತೇನೆ. ಎಡ ಪುಟದಲ್ಲಿ "ಗ್ರೇವ್ಯಾಕ್" ಎಂದು ಕಲ್ಲಿನ ಹೆಸರನ್ನೇ ನೇರ ಬರೆದರೆ ಅರ್ಧ ಅಂಕ. "ಬೂದು, ಕಾಳು ಕಾಳು, ಕ್ವಾರ್ಟ್ಜ್ ಮತ್ತು ಕಲ್ಲಿನ ಚೂರು, ನಡುವೆ ಜೇಡಿ, ಪದರದ ಕೆಳಗೆ ದಪ್ಪ ಕಾಳು ಮೇಲೆ ಸಣ್ಣದು" ಎಂದು ಬರೆದು, ಬಲಕ್ಕೆ "ಗ್ರೇವ್ಯಾಕ್ ಇರಬಹುದು" ಎಂದರೆ ಪೂರ್ತಿ.

ಸ್ಟ್ರೈಕ್ (ಪದರ ನೆಲದ ಮೇಲೆ ಚಾಚಿದ ದಿಕ್ಕು), ಡಿಪ್ ಅಳೆಯುವಾಗ ಒಂದು ಎಚ್ಚರ. ನಮ್ಮ ಶಿಸ್ಟ್ ಪಟ್ಟಿಗಳ ಸ್ಟ್ರೈಕ್ ಒಟ್ಟಾರೆ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಇರುತ್ತದೆ. ನಿಮ್ಮ ಅಳತೆ ಅದಕ್ಕೆ ಹೊಂದಲಿಲ್ಲ ಎಂದು ರಬ್ಬರ್ ತೆಗೆಯಬೇಡಿ. ಅಲ್ಲಿ ಮಡಿಕೆ ಇರಬಹುದು, ಕಲ್ಲು ಜಾರಿ ತಿರುಗಿರಬಹುದು. ಕಬ್ಬಿಣದ ಪಟ್ಟಿ ಶಿಲೆಯ ಪಕ್ಕ ನಿಂತಿದ್ದರೆ ಅದರೊಳಗಿನ ಮ್ಯಾಗ್ನೆಟೈಟ್ ಕಂಪಾಸ್ ಮುಳ್ಳನ್ನೇ ಎಳೆಯುತ್ತದೆ. ಆಗ ಒಂದಷ್ಟು ದೂರ ಸರಿದು ಮತ್ತೆ ಅಳೆಯಿರಿ. ಎರಡೂ ಅಳತೆ ಬರೆಯಿರಿ. ಹೊಡೆದು ಹಾಕಿದ ಅಂಕಿ ಇರುವ ಪುಸ್ತಕ ನೋಡಿದರೆ ನನಗೆ ಖುಷಿ. ಎಲ್ಲವೂ ನೀಟಾಗಿ, ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಬರೆದದ್ದು ಎಂದು ತಿಳಿಯುತ್ತದೆ.

ಫೋಟೋದಲ್ಲಿ ಅಳತೆಗೆ ಏನಾದರೂ ಇಡಿ. ನಾಣ್ಯ, ಪೆನ್, ಹ್ಯಾಮರ್, ಏನಾದರೂ ಸರಿ. ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು ಎಂದು ಬರೆಯಿರಿ. ಕಲ್ಲಿನ ಮೇಲೆ ಕೂತ ಗೆಳೆಯರ ಗುಂಪಿನ ಫೋಟೋವನ್ನು "ಔಟ್‌ಕ್ರಾಪ್" (ನೆಲದ ಮೇಲೆ ಕಾಣುವ ಬಂಡೆ) ಎಂದು ಅಂಟಿಸಬೇಡಿ.

ನಕ್ಷೆಗೆ ನಾಲ್ಕು ವಸ್ತು ಕಡ್ಡಾಯ: ಉತ್ತರದ ಬಾಣ, ಸ್ಕೇಲ್, ಲೆಜೆಂಡ್ (ಬಣ್ಣ, ಗುರುತುಗಳ ಅರ್ಥ), ಮೂಲ ಎಲ್ಲಿಯದು ಎಂಬ ಸಾಲು. ಸ್ಕೇಲನ್ನು "1:50,000" ಎಂದು ಬರೆದು ಬಿಡಬೇಡಿ, ಪಟ್ಟಿಯಾಗಿ ಎಳೆಯಿರಿ. ಜೆರಾಕ್ಸಿನಲ್ಲಿ ನಕ್ಷೆ ಚಿಕ್ಕದಾದರೆ ಬರೆದ ಸಂಖ್ಯೆ ಸುಳ್ಳಾಗುತ್ತದೆ. ಪಟ್ಟಿಯೂ ನಕ್ಷೆಯ ಜೊತೆಗೇ ಚಿಕ್ಕದಾಗುವುದರಿಂದ ಲೆಕ್ಕ ತಪ್ಪುವುದಿಲ್ಲ. ನೀವೇ ಕಂಡ ಗಡಿಯನ್ನು ಗಟ್ಟಿ ಗೆರೆಯಲ್ಲಿ, ಮಣ್ಣು ಮುಚ್ಚಿ ಕಾಣದ ಗಡಿಯನ್ನು ತುಂಡು ಗೆರೆಯಲ್ಲಿ ಎಳೆಯಿರಿ. ಎರಿ ಭೂಮಿಯ ನಮ್ಮ ಸೀಮೆಯಲ್ಲಿ ತುಂಡು ಗೆರೆಯೇ ಜಾಸ್ತಿ ಇರಬೇಕು. ಎಲ್ಲವೂ ಗಟ್ಟಿ ಗೆರೆ ಇದ್ದರೆ ನನಗೆ ಅನುಮಾನ ಬರುತ್ತದೆ.

ಹೊಲಕ್ಕೆ ಕಾಲಿಡುವ ಮೊದಲು ಕೇಳಿ. "ಯಜಮಾನ್ರ, ಬಾವ್ಯಾಗಿನ ಕಲ್ಲು ನೋಡ್ತೀವ್ರಿ" ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಆಮೇಲೆ "ನಮ್ಮ ಹೊಲದಾಗ ಬೋರಿಗೆ ನೀರು ಎಲ್ಲಿ ಬೀಳ್ತದ ಹೇಳ್ರಿ" ಎಂದು ಅವರು ಕೇಳೇ ಕೇಳುತ್ತಾರೆ. ಹ್ಯಾಮರ್ ಹಿಡಿದವರಿಗೆಲ್ಲ ಇದು ತಪ್ಪಿದ್ದಲ್ಲ. ಅಂದಾಜಿಗೆ ಬೆರಳು ತೋರಿಸಬೇಡಿ, ಅವರು ಸಾಲ ಮಾಡಿ ಕೊರೆಸುತ್ತಾರೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಒಳಗೆ ಹೋಗಲು, ಸ್ಯಾಂಪಲ್ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ವಿಭಾಗದ ಪತ್ರ ಮೊದಲೇ ಮಾಡಿಸಿಕೊಳ್ಳಿ. ಲಕ್ಕುಂಡಿಯ ಗುಡಿಗಳಲ್ಲಿ ಹ್ಯಾಮರ್, ಆ್ಯಸಿಡ್ ಬಾಟಲಿ ಚೀಲದಿಂದ ಹೊರಗೇ ತೆಗೆಯಬಾರದು. ಕಣ್ಣು ಮತ್ತು ಲೆನ್ಸ್ ಮಾತ್ರ.

ಪೇಪರ್ ಬರೆಯುವಾಗ

ಕೊನೆಯ ಪೇಪರಿಗೆ ನಾನು ಹೇಳುವ ಅಳತೆ 8ರಿಂದ 10 ಪುಟ, ಚಿತ್ರ ಸೇರಿ. ಅದರಲ್ಲಿ "ಭೂಮಿ ಸೌರವ್ಯೂಹದ ಮೂರನೆಯ ಗ್ರಹ" ಎಂದು ಶುರು ಮಾಡುವ ಪೀಠಿಕೆಗೆ ಜಾಗ ಇಲ್ಲ. ಮೊದಲ ಪ್ಯಾರಾದಲ್ಲೇ ಪ್ರಶ್ನೆ ಬರಲಿ. ಎರಡನೆಯದರಲ್ಲಿ ಜಾಗ ಮತ್ತು ಹಿಂದಿನವರು ಏನು ಹೇಳಿದ್ದಾರೆ ಎಂಬುದು. ಆಮೇಲೆ ಸೀದಾ ನಿಮ್ಮ ಆಧಾರ.

ಬರೆದು ಮುಗಿಸಿದ ಮೇಲೆ ಎರಡು ಬಣ್ಣದ ಪೆನ್ ತೆಗೆದುಕೊಳ್ಳಿ. ಕಂಡದ್ದು, ಅಳೆದದ್ದು ಇರುವ ವಾಕ್ಯಗಳ ಕೆಳಗೆ ನೀಲಿ ಗೆರೆ. ತೀರ್ಮಾನದ ವಾಕ್ಯಗಳ ಕೆಳಗೆ ಕೆಂಪು. ಕೆಂಪು ಮೊದಲು ಬಂದು ನೀಲಿ ಆಮೇಲೆ ಬಂದಿದ್ದರೆ ಜಾಗ ಬದಲಿಸಿ. ಸುತ್ತಮುತ್ತ ನೀಲಿಯೇ ಇಲ್ಲದ ಕೆಂಪು ವಾಕ್ಯ ಇದ್ದರೆ ಅದಕ್ಕೆ ಆಧಾರ ಹುಡುಕಿ, ಇಲ್ಲವೇ ಕಿತ್ತು ಹಾಕಿ. ನಾನು ತಿದ್ದುವಾಗ ಮಾಡುವುದೂ ಇದನ್ನೇ.

ಅಂಕಿಗಳಲ್ಲಿ ಅತಿ ನಿಖರತೆ ಬೇಡ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುತ್ತದೆ. ಅದರಲ್ಲಿ ತೆಗೆದ ಎತ್ತರವನ್ನು 652.384 ಮೀಟರ್ ಎಂದು ಬರೆದರೆ ಓದುವವರಿಗೆ ನಗು ಬರುತ್ತದೆ. ಘಟಕ ಬಿಟ್ಟ ಅಂಕಿಗೆ ಬೆಲೆ ಇಲ್ಲ.

ಈಗ ನಕಲಿನ ಮಾತು. ಯುಜಿಸಿ 2018ರಲ್ಲಿ ತಂದ ನಿಯಮದ ಪ್ರಕಾರ ಪ್ರಬಂಧಗಳಲ್ಲಿ ಹೋಲಿಕೆ 10 ಶೇಕಡದವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40 ಶೇಕಡ ಇದ್ದರೆ 6 ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಮತ್ತೆ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಎಲ್ಲರಿಗೂ ಗೊತ್ತಿರುವ ಸಂಗತಿಗಳಲ್ಲಿ ಸತತ 14 ಪದದವರೆಗಿನ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಶಿಕ್ಷೆಗಳು ಥೀಸಿಸ್ ಮತ್ತು ಡಿಸರ್ಟೇಶನ್‌ಗೆ ಹೇಳಿದ್ದು. ನಿಮ್ಮ ವಿಭಾಗ ಸೆಮಿನಾರ್ ಪೇಪರಿಗೆ ಯಾವ ಮಿತಿ ಇಟ್ಟಿದೆ ಎಂದು ಕೇಳಿಕೊಳ್ಳಿ. ಆದರೆ ಶೇಕಡ ಕಡಿಮೆ ಇದೆ ಎಂದರೆ ಪೇಪರ್ ಒಳ್ಳೆಯದು ಎಂದು ಅರ್ಥವಲ್ಲ. ಪದ ಬದಲಿಸಿ ಬೇರೆಯವರ ಯೋಚನೆಯನ್ನು ತಂದರೆ ಸಾಫ್ಟ್‌ವೇರ್ ಹಿಡಿಯದೇ ಇರಬಹುದು, ವೈವಾದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಶೋಧಗಂಗಾ ಎಂಬ ಥೀಸಿಸ್ ಭಂಡಾರದಲ್ಲಿ ಸಿಗುವ ಥೀಸಿಸ್‌ಗಳನ್ನು ಓದಿ, ಹೆಸರು ಹೇಳಿ ಬಳಸಿ. ನಮ್ಮ ಶಿಲೆಗಳ ಬಗ್ಗೆ ಹಳೆಯ, ಹೊಸ ಪೇಪರ್‌ಗಳು ಬೇಕಾದರೆ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಜರ್ನಲ್ ಮೊದಲು ನೋಡಿ.

ಎಐ ಚಾಟ್‌ಬಾಟ್ ಬಳಸಬಹುದೇ ಎಂದು ಈಗ ಎಲ್ಲರೂ ಕೇಳುತ್ತಾರೆ. ನಿಮ್ಮ ವಿಭಾಗ ಏನು ಹೇಳುತ್ತದೋ ಅದು. ಒಂದು ಮಾತ್ರ ನಾನು ಹೇಳಬಲ್ಲೆ. ಅವು ಇಲ್ಲದ ಪೇಪರ್‌ಗೆ ಇರುವ ಲೇಖಕರ ಹೆಸರು ಅಂಟಿಸಿ ಕೊಡುತ್ತವೆ. ಉಲ್ಲೇಖದ ಪಟ್ಟಿಯಲ್ಲಿ ಇರುವ ಪ್ರತಿ ಪೇಪರನ್ನೂ ನೀವು ತೆರೆದು ನೋಡಿರಬೇಕು. ಅಂಥ ಒಂದು ಸುಳ್ಳು ಉಲ್ಲೇಖ ಸಿಕ್ಕರೂ ನಾನು ಆಧಾರದ 5 ಅಂಕ ಪೂರ್ತಿ ತೆಗೆಯುತ್ತೇನೆ.

ಗುಂಪಿನ ಕೆಲಸ ಆದರೆ, ಯಾರು ಯಾವ ಭಾಗ ಮಾಡಿದರು ಎಂದು ಕೊನೆಯಲ್ಲಿ ಎರಡು ಸಾಲು ಬರೆಯಿರಿ. ಗೆಳೆತನ ಉಳಿಯುತ್ತದೆ.

ಮಾತಾಡುವ ದಿನ

15 ನಿಮಿಷಕ್ಕೆ 12 ಸ್ಲೈಡ್ ಸಾಕು. ಸ್ಲೈಡಿನ ಮೇಲೆ ಪ್ಯಾರಾ ಹಾಕಿ ಓದಬೇಡಿ, ನಮಗೂ ಓದಲು ಬರುತ್ತದೆ. ಒಂದು ಸ್ಲೈಡಿಗೆ ಒಂದು ಚಿತ್ರ, ಒಂದು ಮಾತು. ಎರಡನೆಯ ಸ್ಲೈಡ್ ಜಾಗದ ನಕ್ಷೆ ಇರಲಿ. ಹಿಂದಿನ ದಿನ ಪ್ರೊಜೆಕ್ಟರ್ ಹಾಕಿ ನೋಡಿ. ಹಸಿರು ಮತ್ತು ಕೆಂಪು ಬಣ್ಣ ಗೋಡೆಯ ಮೇಲೆ ಒಂದೇ ಥರ ಕಾಣುವ ಪ್ರೊಜೆಕ್ಟರ್‌ಗಳು ಎಲ್ಲ ಕಡೆ ಇವೆ.

ಪ್ರಶ್ನೆ ಕೇಳಿದಾಗ ಮೊದಲು ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ. ಯೋಚಿಸಲು ಸಮಯ ಸಿಗುತ್ತದೆ, ತಪ್ಪು ತಿಳಿದಿದ್ದರೆ ಕೇಳಿದವರೇ ತಿದ್ದುತ್ತಾರೆ. ಗೊತ್ತಿಲ್ಲದಿದ್ದರೆ "ಅದನ್ನು ನಾನು ಅಳೆದಿಲ್ಲ ಸರ್, ಅಳೆಯಬೇಕಾದರೆ ಹೀಗೆ ಮಾಡಬೇಕು" ಎನ್ನಿ. ಈ ಉತ್ತರಕ್ಕೆ ನಾನು ಒಂದು ಅಂಕವನ್ನೂ ಕಳೆಯುವುದಿಲ್ಲ. ಏನೋ ಒಂದು ಹೇಳಿ ಪಾರಾಗಲು ನೋಡಿದರೆ ಮೂರನೇ, ನಾಲ್ಕನೇ ಪ್ರಶ್ನೆ ಬರುತ್ತವೆ.

ಅಂಕ ಬಂದ ಮೇಲೆ

ತಡವಾಗುತ್ತದೆ ಎಂದು ಗೊತ್ತಾದರೆ ಕೊನೆಯ ದಿನಕ್ಕೆ ಮೊದಲೇ ಹೇಳಿ. ಮನೆಯಲ್ಲಿ ಮದುವೆ, ಜ್ವರ, ಬಸ್ ಬಂದ್, ಯಾವುದಾದರೂ ಸರಿ. ಮೊದಲೇ ಹೇಳಿದ ಕಾರಣಕ್ಕೂ ಆಮೇಲೆ ಹೇಳಿದ ಕಾರಣಕ್ಕೂ ಬೆಲೆ ಬೇರೆ.

ಫೈಲನ್ನು ಪಿಡಿಎಫ್ ಮಾಡಿಯೇ ಕಳಿಸಿ. ಹೆಸರಿನಲ್ಲಿ ನಿಮ್ಮ ರಜಿಸ್ಟರ್ ನಂಬರ್ ಇರಲಿ. "ಫೈನಲ್ ಫೈನಲ್ 2" ಎಂಬ ಫೈಲುಗಳು ನನ್ನ ಕಂಪ್ಯೂಟರಿನಲ್ಲಿ ಈಗಾಗಲೇ ಸಾಕಷ್ಟಿವೆ. ಕನ್ನಡದಲ್ಲಿ ಬರೆದಿದ್ದರೆ ಯೂನಿಕೋಡ್ ಬಳಸಿ. ಹಳೆಯ ನುಡಿ ಫಾಂಟಿನ ಅಕ್ಷರ ಬೇರೆ ಕಂಪ್ಯೂಟರಿನಲ್ಲಿ ಚಿತ್ರ ವಿಚಿತ್ರವಾಗಿ ಕಾಣುತ್ತದೆ.

ಅಂಕ ಕಡಿಮೆ ಬಂತು ಅನಿಸಿದರೆ ಕೇಳುವ ಹಕ್ಕು ನಿಮಗಿದೆ. "ಸರ್, ಒಂದೆರಡು ಮಾರ್ಕ್ಸ್ ಹಾಕ್ರಿ" ಎಂದರೆ ನನಗೆ ಮಾಡಲು ಏನೂ ಇಲ್ಲ. "ಆಧಾರದಲ್ಲಿ 5ಕ್ಕೆ 2 ಬಂದಿದೆ, ಯಾವ ವಾಕ್ಯಕ್ಕೆ ಆಧಾರ ಸಾಲಲಿಲ್ಲ?" ಎಂದು ಕೇಳಿದರೆ ಇಬ್ಬರೂ ಪೇಪರ್ ಬಿಚ್ಚಿ ಕೂರಬಹುದು. ಕೆಲವೊಮ್ಮೆ ನಾವೇ ಒಂದು ಚಿತ್ರ ನೋಡದೆ ಬಿಟ್ಟಿರುತ್ತೇವೆ, ಆಗ ಅಂಕ ಬದಲಾಗುತ್ತದೆ. ಫೀಲ್ಡ್ ಪುಸ್ತಕ ಮತ್ತು ನಂಬರ್ ಹಾಕಿದ ಸ್ಯಾಂಪಲ್‌ಗಳನ್ನು ಅಲ್ಲಿಯವರೆಗೆ ಎಸೆಯಬೇಡಿ. ಮುಂದಿನ ಸೆಮಿಸ್ಟರ್‌ನ ಡಿಸರ್ಟೇಶನ್‌ಗೆ ಅದೇ ಜಾಗ ಆರಿಸಿಕೊಂಡರೆ ಅರ್ಧ ಕೆಲಸ ಆಗಿಯೇ ಇರುತ್ತದೆ.